ಬಿರಿಯುವ ಟ್ರ್ಯಾಕ್ಟರುಗಳು: ಡೈಕಾಸ್ಟ್ ಆಟಿಕೆಗಳ ಲೋಹ ಕೆಡುವುದನ್ನು ಗುರುತಿಸಿ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಕಳೆದು ಕಪಾಟಿನ ಬಾಗಿಲು ತೆರೆದಾಗ ಹಳೆಯ ಆಟಿಕೆ ಟ್ರ್ಯಾಕ್ಟರಿನ ಮೇಲೆ ಬಿಳಿ ಪುಡಿ ಕಂಡರೆ ಕೆಲವರು ‘ಜಿಂಕ್ ಪೆಸ್ಟ್ ಹಿಡಿದಿದೆ, ಇನ್ನು ಇದು ಮುಗಿಯಿತು’ ಎಂದು ಕೈಬಿಡುತ್ತಾರೆ. ಇನ್ನು ಕೆಲವರು ಹಿತ್ತಾಳೆ ಚೆಂಬು ತಿಕ್ಕಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕುತ್ತಾರೆ. ಎರಡೂ ನಷ್ಟವೇ. ಜಿಂಕ್ ಪೆಸ್ಟ್ ಎಂದರೆ ಸತುವಿನ (ಜಿಂಕ್) ಎರಕ ಒಳಗಿನಿಂದಲೇ ಸವೆದು ಬಿರಿಯುವ ದೋಷ. ಕಾಸರಗೋಡಿನ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಹವೆಯಲ್ಲಿ ಕಾಣುವ ಬಿಳಿ ಪುಡಿಯೆಲ್ಲ ಅದಲ್ಲ; ಎಷ್ಟೋ ಸಲ ಅದು ಮೇಲ್ಮೈಯ ಬಿಳಿ ತುಕ್ಕು. ಬಿಳಿ ತುಕ್ಕನ್ನು ತೆಗೆಯಬಹುದು. ನಿಜವಾದ ಪೆಸ್ಟಿಗೆ ಮದ್ದಿಲ್ಲ, ಅದರ ವೇಗವನ್ನಷ್ಟೇ ತಗ್ಗಿಸಬಹುದು. ಹಾಗಾಗಿ ಯಾವುದು ಯಾವುದೆಂದು ಗೊತ್ತಾಗುವ ತನಕ ಬ್ರಶ್ಶು, ಅಂಟು, ಬಣ್ಣ ಯಾವುದನ್ನೂ ಮುಟ್ಟಬೇಡಿ.

ಲೋಹದೊಳಗೆ ಆಗುವುದೇನು

ಡೈಕಾಸ್ಟ್ ಎಂದರೆ ಕರಗಿದ ಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ತುಂಬಿ ಹೊಯ್ದದ್ದು; ಅಂಥ ಆಟಿಕೆಗಳ ಲೋಹ ಬಹುಪಾಲು ಸತುವು. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ರೂಪಿಸಿದ ಜಮಾಕ್ ಮಿಶ್ರಲೋಹದಲ್ಲಿ ಸುಮಾರು ಶೇ. 4 ಅಲ್ಯೂಮಿನಿಯಂ, ಶೇ. 0.03ರಿಂದ 0.06ರಷ್ಟು ಮೆಗ್ನೀಸಿಯಂ, ಉಳಿದದ್ದು ಶೇ. 99.99 ಶುದ್ಧತೆಯ ಸತು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಲೋಹಕ್ಕೆ ಮಜಾಕ್ ಎಂದು ಹೆಸರು. ಪಾಕ ಶುದ್ಧವಾಗಿದ್ದರೆ ಇದು ನೂರು ವರ್ಷವೂ ಬಾಳುತ್ತದೆ.

ತೊಂದರೆ ಕೊಡುವುದು ಸೀಸ, ತವರ, ಕ್ಯಾಡ್ಮಿಯಂ. ಈಗಿನ ಮಾನದಂಡದ ಪ್ರಕಾರ ಎರಕದಲ್ಲಿ ಸೀಸ ಶೇ. 0.005, ಕ್ಯಾಡ್ಮಿಯಂ ಶೇ. 0.004, ತವರ ಶೇ. 0.002 ಮೀರಬಾರದು. ಬೆಸುಗೆಯ ತುಣುಕು, ಹಳೆಯ ಸೀಸದ ಚೂರು ಒಂದಿಷ್ಟು ಕುಲುಮೆಗೆ ಬಿದ್ದರೂ ಈ ಮಿತಿ ದಾಟುತ್ತದೆ. ಇವು ಸತುವಿನಲ್ಲಿ ಕರಗಿ ಬೆರೆಯದೆ ಲೋಹದ ಕಣಗಳ ನಡುವಿನ ಗಡಿಗಳಲ್ಲಿ ಉಳಿದುಬಿಡುತ್ತವೆ. ಅಲ್ಲಿಗೆ ತೇವ ಸೇರಿತೆಂದರೆ ಕಣಗಳ ಗಡಿಗುಂಟ ಸವೆತ ಒಳಗೊಳಗೇ ಹಬ್ಬುತ್ತದೆ. ಸವೆದು ಹುಟ್ಟಿದ ಆಕ್ಸೈಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹೀಗೆ ಎರಕ ಉಬ್ಬುತ್ತದೆ, ಬಾಗುತ್ತದೆ, ಕೊನೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಮತ್ತಷ್ಟು ತೇವ ಇಳಿಯುತ್ತದೆ.

ಎರಕದ ಗುಣಮಟ್ಟ ಪರೀಕ್ಷಿಸಲು ಕಾರ್ಖಾನೆಗಳಲ್ಲಿ ಮಾದರಿಯನ್ನು 95 ಡಿಗ್ರಿ ಸೆಲ್ಸಿಯಸ್ಸಿನ ಹಬೆಯಲ್ಲಿ 10 ದಿನ ಇಡುವ ವಿಧಾನವಿತ್ತು. ಬಿಸಿ ಮತ್ತು ತೇವ ಸೇರಿದರೆ ಕೆಟ್ಟ ಎರಕ ಬೇಗ ಬಾಯಿಬಿಡುತ್ತದೆ ಎಂಬುದೇ ಅದರ ಆಧಾರ. ಕಾಸರಗೋಡಿನ ಜೂನ್‌ನಿಂದ ಸೆಪ್ಟೆಂಬರ್ ತನಕದ ಹವೆ ಅದೇ ಪರೀಕ್ಷೆಯನ್ನು ನಿಧಾನವಾಗಿ ನಡೆಸುತ್ತಿರುತ್ತದೆ.

ಪೆಸ್ಟ್ ಒಂದು ಟ್ರ್ಯಾಕ್ಟರಿನಿಂದ ಇನ್ನೊಂದಕ್ಕೆ ಅಂಟುವ ರೋಗ ಎಂಬ ನಂಬಿಕೆ ಸಂಗ್ರಾಹಕರಲ್ಲಿ ಬಲವಾಗಿದೆ. ಅದು ಸುಳ್ಳು. ದೋಷ ಎರಕ ಹೊಯ್ದ ದಿನವೇ ಒಳಗೆ ಸೇರಿರುತ್ತದೆ. ಒಂದೇ ಮಾದರಿಯ ಎರಡು ಟ್ರ್ಯಾಕ್ಟರುಗಳಲ್ಲಿ ಒಂದು ಪುಡಿಯಾಗಿ ಇನ್ನೊಂದು ಗಟ್ಟಿಯಾಗಿ ಉಳಿಯುವುದು, ಒಂದೇ ಟ್ರ್ಯಾಕ್ಟರಿನಲ್ಲಿ ದೇಹ ಚೆನ್ನಾಗಿದ್ದು ಚಕ್ರ ಮಾತ್ರ ಒಡೆಯುವುದು ಇದೇ ಕಾರಣಕ್ಕೆ. ಅವು ಬೇರೆ ಬೇರೆ ಪಾಕದವು.

ಹಂತ 1: ಲೋಹ ಯಾವುದು?

ಹಳೆಯ ಟ್ರ್ಯಾಕ್ಟರುಗಳೆಲ್ಲ ಸತುವಿನವಲ್ಲ. 1933ರಲ್ಲಿ ಮೆಕ್ಯಾನೊ ಕಂಪನಿ ಹೊರತಂದ, ಮುಂದೆ ಡಿಂಕಿ ಎಂದು ಹೆಸರಾದ ಸರಣಿಯ ಮೊದಲ ಟ್ರ್ಯಾಕ್ಟರು ಸೀಸದ್ದು. ಅಮೆರಿಕದಲ್ಲಿ 1945ರಲ್ಲಿ ಶುರುವಾದ ಅರ್ಟಲ್ ಕಂಪನಿಯ ಆರಂಭದ ಟ್ರ್ಯಾಕ್ಟರುಗಳು ಮರಳಿನ ಅಚ್ಚಿನಲ್ಲಿ ಹೊಯ್ದ ಅಲ್ಯೂಮಿನಿಯಂನವು. ಅವಕ್ಕೆ ಜಿಂಕ್ ಪೆಸ್ಟ್ ಬರುವ ಪ್ರಶ್ನೆಯೇ ಇಲ್ಲ. ಡಿಂಕಿಯ 1948ರ ಮ್ಯಾಸಿ ಹ್ಯಾರಿಸ್, ಕಾರ್ಗಿಯ 1959ರ ಮ್ಯಾಸಿ ಫರ್ಗ್ಯುಸನ್ 65 ಸತುವಿನವು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಸತುವಿನ ಎರಕಗಳಲ್ಲಿ ಪೆಸ್ಟ್ ಹೆಚ್ಚು, ಯುದ್ಧಾನಂತರದವುಗಳಲ್ಲಿ ಕಡಿಮೆ. ಆದರೆ ಹೊಸದೆಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಅಗ್ಗದ ಎರಕದಲ್ಲಿ ಹತ್ತಿಪ್ಪತ್ತು ವರ್ಷಕ್ಕೇ ಬಿರುಕು ಕಾಣಿಸಿಕೊಂಡದ್ದುಂಟು. ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತಾಗೆ ಬಂದು ‘ನಿಕಿ’ ಹೆಸರಿನಲ್ಲಿ ಆಟಿಕೆಗಳಾದವು. ಅಚ್ಚು ಅದೇ ಆದರೂ ಲೋಹ ಅದೇ ಅಲ್ಲ ಎಂಬುದನ್ನು ನೆನಪಿಡಿ.

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ ಅಥವಾ ತಗಡು. ಅಂಟದಿದ್ದರೆ ಸಾಂದ್ರತೆ ನೋಡಿ. ಇದಕ್ಕೆ 0.01 ಗ್ರಾಂ ತೋರಿಸುವ ಒಡವೆ ತಕ್ಕಡಿ ಸಾಕು. ಬಿಡಿಭಾಗವನ್ನು ಒಣಗಿದ ಹಾಗೆಯೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಭಾಗವನ್ನು ದಾರದಲ್ಲಿ ಕಟ್ಟಿ ತಳ, ಬದಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಗ್ರಾಂ ಸಂಖ್ಯೆಯೇ ಅದರ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ತೂಕ 66 ಗ್ರಾಂ, ನೀರಿನಲ್ಲಿ ತೋರಿದ್ದು 10 ಆದರೆ ಸಾಂದ್ರತೆ 6.6. ಅದು ಸತುವಿನ ಮಿಶ್ರಲೋಹ. ಸುಮಾರು 11 ಬಂದರೆ ಸೀಸ, 2.7ರ ಹತ್ತಿರವಾದರೆ ಅಲ್ಯೂಮಿನಿಯಂ. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಬಿಡಿಸಿ. ಬಿರುಕು ಬಿಟ್ಟ ಭಾಗಕ್ಕೆ ಈ ಪರೀಕ್ಷೆ ಬೇಡ, ಬಿರುಕಿನೊಳಗೆ ಹೋದ ನೀರು ಸುಲಭಕ್ಕೆ ಹೊರಬರುವುದಿಲ್ಲ.

ಸೀಸವೆಂದು ತಿಳಿದರೆ ಕೈಗವಸು, ಮುಖಗವಸು ಹಾಕಿಕೊಂಡೇ ಮುಂದುವರಿಯಿರಿ. ಸೀಸದ ಮೇಲಿನ ಬಿಳಿ ಪುಡಿ ವಿಷ. ಅದನ್ನು ಒಣ ಬ್ರಶ್ಶಿನಿಂದ ಹಾರಿಸಬಾರದು, ಒದ್ದೆ ಹತ್ತಿಯಿಂದ ಒರೆಸಿ ಹತ್ತಿಯನ್ನು ಚೀಲದಲ್ಲಿ ಕಟ್ಟಿಡಿ. ಮಕ್ಕಳಿರುವ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ.

ಹಂತ 2: ಬಿರುಕಿನ ಜಾತಿ ಗುರುತಿಸುವುದು

ಬೇಕಾದ್ದು 10 ಪಟ್ಟು ದೊಡ್ಡದು ಮಾಡುವ ಲೂಪ್, ಒಂದು ಸಣ್ಣ ಟಾರ್ಚ್, ಡಿಜಿಟಲ್ ಕ್ಯಾಲಿಪರ್. ಕೋಣೆ ಕತ್ತಲು ಮಾಡಿ ಟಾರ್ಚನ್ನು ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಕೂದಲೆಳೆಯ ಬಿರುಕು ಓರೆ ಬೆಳಕಿನಲ್ಲಿ ನೆರಳಾಗಿ ಏಳುತ್ತವೆ. ಮೊದಲು ತೆಳುವಾದ ಜಾಗಗಳನ್ನು ನೋಡಿ: ಸ್ಟಿಯರಿಂಗ್ ಕಂಬ, ಹಿಂಬದಿಯ ಮಡ್‌ಗಾರ್ಡ್‌ಗಳ ಅಂಚು, ಮುಂದಿನ ಆಕ್ಸಲ್ ಹಿಡಿಕೆ, ಟ್ರೇಲರ್ ಕೊಕ್ಕೆ. ಆಮೇಲೆ ಲೋಹದ ಚಕ್ರದ ಹಬ್ಬುಗಳು, ಅಂದರೆ ಟಯರು ಕೂರುವ ನಡುಭಾಗಗಳು. ಕೊನೆಗೆ ತಳಭಾಗ. ಅಲ್ಲಿ ಬಣ್ಣ ತೆಳುವಾದ್ದರಿಂದ ಸುದ್ದಿ ಮೊದಲು ತಿಳಿಯುತ್ತದೆ.

ಪೆಸ್ಟಿನ ಬಿರುಕಿಗೆ ದಿಕ್ಕಿಲ್ಲ. ಕವಲೊಡೆದು ಬಲೆಯಂತೆ ಹರಡುತ್ತದೆ, ಅದರ ಅಂಚು ಚೂಪು, ಮೇಲಿನ ಬಣ್ಣವೂ ಲೋಹದ ಜೊತೆಗೇ ಸೀಳಿರುತ್ತದೆ. ಒಡೆದ ಮುಖ ಬೂದು ಬಣ್ಣಕ್ಕಿದ್ದು ಹರಳು ಹರಳಾಗಿ ಉದುರುತ್ತದೆ. ಎರಕದ ಸಮಯದಲ್ಲೇ ಲೋಹದ ಎರಡು ಹೊಳೆಗಳು ಸರಿಯಾಗಿ ಕೂಡದೆ ಉಳಿದ ಗೆರೆ ಬೇರೆ: ಅದರ ಅಂಚು ನುಣುಪು, ಬಣ್ಣ ಆ ಗೆರೆಯೊಳಕ್ಕೂ ಇಳಿದಿರುತ್ತದೆ. ಅದು ಹುಟ್ಟುಮಚ್ಚೆ, ಬೆಳೆಯುವುದಿಲ್ಲ. ಕೆಳಗೆ ಬಿದ್ದು ಆದ ಬಿರುಕು ಏಟು ಬಿದ್ದ ಜಾಗದಿಂದ ಒಂದೇ ಗೆರೆಯಾಗಿ ಹೊರಡುತ್ತದೆ.

ಬಿಳಿ ತುಕ್ಕು ಮೇಲ್ಮೈಯಲ್ಲಿ, ಅದರಲ್ಲೂ ಬಣ್ಣ ಹೋದ ಜಾಗದಲ್ಲಿ ಬೂಸ್ಟಿನಂತೆ ಕೂರುತ್ತದೆ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಪುಡಿ ಉದುರಿ ಕೆಳಗೆ ಗಟ್ಟಿ ಲೋಹ, ಹೆಚ್ಚೆಂದರೆ ಸಣ್ಣ ಗುಳಿಗಳು ಕಾಣುತ್ತವೆ. ಕೆರೆದಷ್ಟೂ ಲೋಹವೇ ಪದರ ಪದರವಾಗಿ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಪೆಸ್ಟ್.

ಇನ್ನೊಂದು ಗೊಂದಲ ಟಯರಿನದು. ಮೆತ್ತನೆಯ ವಿನೈಲ್ ಟಯರಿನಿಂದ ಒಸರುವ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಹಬ್ಬನ್ನು ಕರಗಿಸುತ್ತದೆ. ಲೋಹಕ್ಕೂ ಇದಕ್ಕೂ ಸಂಬಂಧವಿಲ್ಲ. ಟಯರು ಕಳಚಿ ಬೇರೆ ಇಡುವುದು ಅಥವಾ ಎರಡರ ನಡುವೆ ಪಾಲಿಯೆಸ್ಟರ್ ಹಾಳೆಯ ತೆಳು ಪಟ್ಟಿ ಸುತ್ತುವುದು ಇದಕ್ಕೆ ದಾರಿ.

ಅನುಮಾನ ಉಳಿದರೆ ಅಳತೆಯೇ ತೀರ್ಪು. ಮತ್ತೆ ಮತ್ತೆ ಗುರುತಿಸಬಹುದಾದ ಎರಡು ಬಿಂದುಗಳ ನಡುವೆ, ಉದಾಹರಣೆಗೆ ರೇಡಿಯೇಟರಿನ ಮುಖದಿಂದ ಹಿಂದಿನ ಕೊಕ್ಕೆಯ ಬುಡಕ್ಕೆ, ಮೂರು ಸಲ ಅಳೆದು ಸರಾಸರಿ ಬರೆದಿಡಿ. ಆರು ತಿಂಗಳಿಗೊಮ್ಮೆ ಇದೇ ಅಳತೆ, ಕೋಣೆಯ ಇದೇ ತಾಪಮಾನದಲ್ಲಿ. ತಾಪಮಾನ ಏಕೆಂದರೆ 80 ಮಿ.ಮೀ. ಉದ್ದದ ಸತುವಿನ ಎರಕ 10 ಡಿಗ್ರಿ ಏರಿದರೆ ತಾನಾಗಿ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ. ಈ ಗಾತ್ರದ ಎರಕದಲ್ಲಿ 0.1 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಒಂದೇ ದಿಕ್ಕಿಗೆ ಏರುತ್ತಲೇ ಹೋದರೆ ಪೆಸ್ಟ್ ಖಚಿತ.

ಹಂತ 3: ತೇವವನ್ನು ಹೊರಗಿಡುವುದು

ಇಡೀ ಕೆಲಸದಲ್ಲಿ ಫಲ ಕೊಡುವ ಭಾಗ ಇದು. ಉಳಿದದ್ದೆಲ್ಲ ಇದಾದ ಮೇಲೆ.

ಗುರಿ: ಡಬ್ಬದೊಳಗೆ ಸಾಪೇಕ್ಷ ಆರ್ದ್ರತೆ ಶೇ. 40ರಿಂದ 45. ಲೋಹಕ್ಕೆ ಇನ್ನೂ ಒಣಗಿದ್ದರೆ ಒಳ್ಳೆಯದೇ, ಆದರೆ ರಟ್ಟಿನ ಪೆಟ್ಟಿಗೆಗೆ, ಲೇಬಲ್ಲಿಗೆ ಅತಿ ಒಣಹವೆ ಹಿತವಲ್ಲ. ಕರಾವಳಿಯ ಮಳೆಗಾಲದಲ್ಲಿ ಇಡೀ ಕೋಣೆಯನ್ನು ಈ ಮಟ್ಟಕ್ಕೆ ತರಲು ಹೊರಟರೆ ಕರೆಂಟು ಬಿಲ್ಲು ಹೇಳತೀರದು. ಡಬ್ಬವನ್ನು ಮಾತ್ರ ಒಣಗಿಸಿ. ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ಪಾಲಿಪ್ರೊಪಿಲೀನ್ ಅಡುಗೆ ಡಬ್ಬ ಸಾಕು. 20 ಲೀಟರಿನ ಡಬ್ಬಕ್ಕೆ 400 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲಗಳಲ್ಲಿ ಹಂಚಿ ಇಡಿ. ಬಣ್ಣ ಬದಲಿಸುವ ಜೆಲ್ಲಿನಲ್ಲಿ ಕಿತ್ತಳೆಯದನ್ನೇ ಕೊಳ್ಳಿ. ನೀಲಿ ಜೆಲ್ಲಿನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ಆರೋಗ್ಯಕ್ಕೆ ಒಳ್ಳೆಯದಲ್ಲ. ಕಿತ್ತಳೆ ಹಸಿರಾದಾಗ ಒಟಿಜಿ ಒಲೆಯಲ್ಲಿ 110 ಡಿಗ್ರಿಯಲ್ಲಿ ಎರಡು ಮೂರು ತಾಸು ಕಾಯಿಸಿ, ಮುಚ್ಚಿದ ಬಾಟಲಿಯಲ್ಲೇ ಆರಿಸಿ. ತೆರೆದಿಟ್ಟು ಆರಿಸಿದರೆ ಹೊರಗಿನ ತೇವವನ್ನೇ ಕುಡಿದು ಡಬ್ಬಕ್ಕೆ ಮರಳುತ್ತದೆ. ಜೆಲ್ಲು ಆಟಿಕೆಗೆ ನೇರ ತಾಗಬಾರದು, ಅದರ ಧೂಳು ಬಣ್ಣ ಗೀರುತ್ತದೆ.

ಒಳಗೊಂದು ಸಣ್ಣ ಆರ್ದ್ರತಾ ಮಾಪಕ ಬೇಕು, ಅದನ್ನು ಕಣ್ಣುಮುಚ್ಚಿ ನಂಬಬಾರದು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದ ಮಾಡಿ, ಮಾಪಕದ ಜೊತೆ ಜಿಪ್ ಚೀಲದಲ್ಲಿಟ್ಟು ಒಂದು ಇಡೀ ದಿನ ಬಿಡಿ. ಒಳಗಿನ ಆರ್ದ್ರತೆ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಅದರ ಲೆಕ್ಕಕ್ಕೆ ಯಾವಾಗಲೂ 5 ಸೇರಿಸಿಕೊಳ್ಳಿ.

ಹವಾನಿಯಂತ್ರಣದ ಕೋಣೆಯಲ್ಲಿ ಇಟ್ಟವರು ಒಂದು ವಿಷಯ ಮರೆಯುತ್ತಾರೆ. ಹೊರಗೆ 30 ಡಿಗ್ರಿ, ಆರ್ದ್ರತೆ ಶೇ. 85 ಇದ್ದಾಗ ಗಾಳಿಯ ನೀರು ಸುಮಾರು 27 ಡಿಗ್ರಿಯ ವಸ್ತುವಿನ ಮೇಲೇ ಹನಿಗಟ್ಟತೊಡಗುತ್ತದೆ. 24 ಡಿಗ್ರಿಯ ಕೋಣೆಯಿಂದ ಟ್ರ್ಯಾಕ್ಟರನ್ನು ಜಗಲಿಗೆ ತಂದರೆ ಅದು ಬೆವರುವುದು ಖಂಡಿತ. ಡಬ್ಬ ಮುಚ್ಚಿದ ಹಾಗೇ ಹೊರತಂದು, ಕೆಲವು ತಾಸು ಬಿಟ್ಟು ತೆರೆಯಿರಿ. ಮಳೆಗಾಲದಲ್ಲಿ ಕೊರಿಯರಿನಲ್ಲಿ ಬಂದ ಪೊಟ್ಟಣಕ್ಕೂ ಇದೇ ನಿಯಮ.

ಹಂತ 4: ಆಮ್ಲದ ಆವಿಯನ್ನು ದೂರವಿಡುವುದು

ಮರ, ಪ್ಲೈವುಡ್, ಎಂಡಿಎಫ್ ಹಲಗೆಗಳು ಅಸಿಟಿಕ್, ಫಾರ್ಮಿಕ್ ಆಮ್ಲಗಳ ಆವಿಯನ್ನು ವರ್ಷಗಟ್ಟಲೆ ಬಿಡುತ್ತವೆ. ಮುಚ್ಚಿದ ಮರದ ಪೆಟ್ಟಿಗೆ ನೋಡಲು ಚಂದ, ಸತುವಿಗೂ ಸೀಸಕ್ಕೂ ಕೆಡುಕು. ಗಾಜಿನ ಬಾಗಿಲಿನ ಮರದ ಕಪಾಟೇ ಬೇಕೆಂದರೆ ಗಾಳಿಯಾಡಲು ಬಿಡಿ, ತಟ್ಟೆಗಳ ಮೇಲೆ ಗಾಜು ಇಲ್ಲವೆ ಅಕ್ರಿಲಿಕ್ ಹಾಸಿ.

ನಮ್ಮ ಕಡೆಯ ತೋಟದ ಮನೆಗಳಿಗೆ ಇನ್ನೆರಡು ಎಚ್ಚರಿಕೆ. ರಬ್ಬರ್ ಹಾಲು ಗಟ್ಟಿ ಮಾಡಲು ಬಳಸುವುದು ಫಾರ್ಮಿಕ್ ಆಮ್ಲ. ಶೀಟು ಹೊಡೆಯುವ ಅಥವಾ ಆಮ್ಲದ ಕ್ಯಾನು ಇರುವ ಕೊಟ್ಟಿಗೆಯ ಸುತ್ತ ಸಂಗ್ರಹ ಇಡಬೇಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೂ ಅಷ್ಟೇ. ಅದರ ದ್ರಾವಣ ತಾಗಿದ ಸತುವಿನ ಮೇಲೆ ತಾಮ್ರ ಕಪ್ಪಾಗಿ ಕೂರುತ್ತದೆ, ಆ ತಾಮ್ರದ ಸಂಗದಲ್ಲಿ ಸತು ಇನ್ನಷ್ಟು ವೇಗವಾಗಿ ಸವೆಯುತ್ತದೆ. ಒಲೆಯ ಹೊಗೆ ತಾಗುವ ಅಟ್ಟವೂ ಬೇಡ. ಅಲ್ಲಿ ಅಡಿಕೆ, ಕೊಬ್ಬರಿ ಚೆನ್ನಾಗಿ ಉಳಿಯಬಹುದು. ಹೊಗೆಯಲ್ಲಿರುವ ಆಮ್ಲ ಲೋಹವನ್ನು ಬಿಡುವುದಿಲ್ಲ.

ಆಟಿಕೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಬೇಡಿ, ಪಿವಿಸಿ ಚೀಲಕ್ಕೆ ಹಾಕಬೇಡಿ. ಆಮ್ಲರಹಿತ ಟಿಶ್ಯೂ ಅಥವಾ ಬಿಳಿ ಪಾಲಿಥೀನ್ ಫೋಮ್ ಸರಿ. ಮೂಲ ರಟ್ಟಿನ ಪೆಟ್ಟಿಗೆಗೆ ಬೆಲೆ ಹೆಚ್ಚು, ಅದನ್ನು ಬೇರೆಯಾಗಿ ಚಪ್ಪಟೆ ಮಾಡದೆ ಇಡಿ. ಕರ್ಪೂರ, ನ್ಯಾಫ್ತಲೀನ್ ಗುಳಿಗೆ ಡಬ್ಬಕ್ಕೆ ಬೇಡ, ಬಣ್ಣ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ತೊಂದರೆ.

ಹಂತ 5: ಬಿಳಿ ತುಕ್ಕು ತೆಗೆಯುವುದು

ಪೆಸ್ಟ್ ಅಲ್ಲವೆಂದು ಖಚಿತವಾದ ಸತುವಿನ ಭಾಗಗಳಿಗೆ ಮಾತ್ರ. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ಬಿದಿರಿನ ಕಡ್ಡಿಯ ತುದಿ ಚಪ್ಪಟೆ ಮಾಡಿ ಪುಡಿಯನ್ನು ಎಬ್ಬಿಸಿ. ಉಕ್ಕಿನ ಸೂಜಿ, ಸ್ಟೀಲ್ ವೂಲ್ ಬೇಡ. ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ಅದ್ದಿ ಮೊದಲು ತಳಭಾಗದ ಬಣ್ಣದ ಮೇಲೆ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತದಿದ್ದರೆ ಮಾತ್ರ ಮುಂದುವರಿಸಿ, ಸ್ಟಿಕ್ಕರಿನ ಹತ್ತಿರ ಹೋಗಬೇಡಿ. ಒಂದು ದಿನ ಸಿಲಿಕಾ ಜೆಲ್ಲಿನ ಡಬ್ಬದಲ್ಲಿಟ್ಟು ಒಣಗಿಸಿ, ಬರಿ ಲೋಹದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೀರಾ ತೆಳುವಾಗಿ ಹಚ್ಚಿ ಬಟ್ಟೆಯಲ್ಲಿ ಉಜ್ಜಿ.

ಹುಣಸೆ, ನಿಂಬೆ, ವಿನೆಗರ್, ಪಾತ್ರೆ ಬೆಳಗುವ ಪುಡಿ ಇವೆಲ್ಲ ಹಿತ್ತಾಳೆಗೆ. ಸತು ಆಮ್ಲದಲ್ಲಿ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಆದ್ದರಿಂದ ಬಣ್ಣ ಬಿಡಿಸಲು ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸಿಡುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಹಂತ 6: ಬಿರಿದದ್ದನ್ನು ಹಿಡಿದು ನಿಲ್ಲಿಸುವುದು

ಮೊದಲು ಒತ್ತಡ ಇಳಿಸಿ. ಉಬ್ಬಿದ ಎರಕ ಉಕ್ಕಿನ ಆಕ್ಸಲನ್ನು ಬಿಗಿ ಹಿಡಿದಿರುತ್ತದೆ, ತಗಡಿನ ತಳಹಾಳೆ ಹಿಗ್ಗದೆ ದೇಹವನ್ನು ಬಾಗಿಸುತ್ತದೆ. ತಿರುಗದ ಚಕ್ರವನ್ನು ಬಲವಂತವಾಗಿ ತಿರುಗಿಸಿದರೆ ಹಿಡಿಕೆಯೇ ಮುರಿದು ಕೈಗೆ ಬರುತ್ತದೆ. ತಳದ ರಿವೆಟ್ಟಿನ ತಲೆಯನ್ನಷ್ಟೇ 3 ಮಿ.ಮೀ. ಡ್ರಿಲ್ಲಿನಿಂದ ಕೈಯಲ್ಲೇ ತಿರುಗಿಸಿ ಕೊರೆದು ತೆಗೆಯಿರಿ. ಯಂತ್ರದ ಅದುರು ಪೆಸ್ಟ್ ಹಿಡಿದ ಲೋಹ ತಡೆಯದು. ಗಟ್ಟಿ ಎರಕವಾದರೆ ರಿವೆಟ್ಟಿನ ಕಂಬದಲ್ಲಿ 1.6 ಮಿ.ಮೀ. ತೂತು ಕೊರೆದು, ಎಂ2 ಟ್ಯಾಪ್ ಹಾಕಿ (2 ಮಿ.ಮೀ. ಸ್ಕ್ರೂವಿಗೆ ಬೇಕಾದ ಎಳೆ ಕೊರೆದು) ಮರುಜೋಡಿಸಬಹುದು. ಪೆಸ್ಟ್ ಹಿಡಿದದ್ದಕ್ಕೆ ಅದೂ ಬೇಡ, ತಳಹಾಳೆಯನ್ನು ಬಿಡಿಯಾಗಿಯೇ ಇಡಿ.

ಆಮೇಲೆ ಡಬ್ಬದಲ್ಲಿ ಎರಡು ವಾರ ಒಣಗಿಸಿ. ತೇವ ಒಳಗಿರುವಾಗ ಅಂಟು ಹಾಕುವುದೆಂದರೆ ತೇವಕ್ಕೆ ಮುಚ್ಚಳ ಹಾಕಿದಂತೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ, 24 ತಾಸು ಬೇಕಾಗುವ ಎಪಾಕ್ಸಿಯೇ ಸರಿ. ಐದು ನಿಮಿಷದ್ದು ಬಿರುಕಿಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ರಾಳ, ಗಟ್ಟಿಕಾರಕಗಳ ಪ್ರಮಾಣ ಪೊಟ್ಟಣದ ಮೇಲಿರುವಷ್ಟೇ, ಅಂದಾಜು ಬೇಡ. ದೇಹದ ಒಳಮೈಗೆ ಎಪಾಕ್ಸಿ ಸವರಿ, ಅದರ ಮೇಲೆ ತೆಳು ಗಾಜಿನ ನಾರಿನ ಬಟ್ಟೆ ಒತ್ತಿ, ಮತ್ತೊಂದು ಪದರ ಎಪಾಕ್ಸಿ ಕೊಡಿ. ಹಿತ್ತಾಳೆಯ ಪಟ್ಟಿ ಇಟ್ಟು ಬಲಪಡಿಸುವವರಿದ್ದಾರೆ. ತೇವ ಸೇರಿದರೆ ಹಿತ್ತಾಳೆ ಉಳಿದು ಸತುವೇ ಸವೆಯುತ್ತದೆ. ಸಯನೊಅಕ್ರಿಲೇಟ್ (ಸೂಪರ್ ಗ್ಲೂ) ತೆಳುವಾಗಿ ಬಿರುಕಿಗೆ ಇಳಿಯುವುದು ನಿಜ, ಆದರೆ ಅದರ ಆವಿ ಸುತ್ತಲ ಬಣ್ಣದ ಮೇಲೆ ಬಿಳಿ ಮಬ್ಬು ಹರಡುತ್ತದೆ. ಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ಶೇ. 5ರಿಂದ 10ರಷ್ಟು ಕರಗಿಸಿ ಹಚ್ಚಬಹುದು, ಬೇಕಾದಾಗ ಮತ್ತೆ ಕರಗಿಸಿ ತೆಗೆಯಲೂಬಹುದು. ಆದರೆ ಅಸಿಟೋನ್ ಹಳೆಯ ಬಣ್ಣವನ್ನು ತಿನ್ನುವುದರಿಂದ ಬರಿ ಲೋಹದ ಒಳಮೈಗೆ ಮಾತ್ರ.

ಇಷ್ಟು ಮಾಡಿದರೂ ಎರಕ ಉಬ್ಬುವುದು ನಿಲ್ಲುವುದಿಲ್ಲ, ಚೂರುಗಳು ಒಟ್ಟಿಗೆ ಉಳಿಯುತ್ತವೆ ಅಷ್ಟೇ.

ಮರುಬಣ್ಣದ ವಿಷಯ ಚುಟುಕಾಗಿ: ಮೂಲ ಬಣ್ಣ ಅರ್ಧ ಉಳಿದಿದ್ದರೂ ಬಿಡಿ. ಹಚ್ಚಲೇಬೇಕೆಂದರೆ ಎಪಾಕ್ಸಿ ಪ್ರೈಮರ್ ಕೊಟ್ಟು ಮೇಲೆ ಬಣ್ಣ. ಬರಿ ಸತುವಿನ ಮೇಲೆ ನೇರ ಹಚ್ಚಿದ ಎಣ್ಣೆ ಆಧಾರಿತ ಎನಾಮಲ್ ಕಾಲಕ್ರಮದಲ್ಲಿ ಸಿಪ್ಪೆಯಾಗಿ ಏಳುತ್ತದೆ. 180 ಡಿಗ್ರಿಯ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗಿಗೆ ಕೊಡಲೇಬೇಡಿ, ಎರಕದೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಮೈತುಂಬ ಗುಳ್ಳೆ ಏಳುತ್ತದೆ.

ಹಂತ 7: ಪ್ರತಿ ಮಾಡಿಟ್ಟುಕೊಳ್ಳುವುದು

ಭಾಗ ಇನ್ನೂ ಒಂದೇ ತುಂಡಾಗಿರುವಾಗಲೇ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು ಪಾಲಿಯುರೆಥೇನ್ ರಾಳದಲ್ಲಿ ಪ್ರತಿ ಹೊಯ್ಯಿರಿ. ಸ್ಟಿಯರಿಂಗ್, ಚಕ್ರದ ಹಬ್ಬು, ಆಸನಗಳಿಗೆ ಇದು ಸುಲಭ. ಬಿರುಕುಗಳನ್ನು ಮೊದಲು ಮೇಣದಿಂದ ತುಂಬಿ, ಇಲ್ಲವಾದರೆ ರಬ್ಬರು ಒಳಗೆ ಸಿಕ್ಕಿಕೊಂಡು ಬಿಡಿಸುವಾಗ ಭಾಗವೇ ಒಡೆಯುತ್ತದೆ. ಉಬ್ಬಿದ ಎರಕದಿಂದ ತೆಗೆದ ಪ್ರತಿಯೂ ಉಬ್ಬಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಟ್ಟಿಯಾಗಿರುವ ಇನ್ನೊಂದು ಟ್ರ್ಯಾಕ್ಟರು ಸಿಕ್ಕರೆ ಅದರ ಅಳತೆಗೆ ಹೊಂದಿಸಿ 3ಡಿ ಪ್ರಿಂಟ್ ಮಾಡಿಸುವುದು ಮೇಲು. ಮನೆಯಲ್ಲಿ ಸತು, ಸೀಸ ಕರಗಿಸುವ ಸಾಹಸ ಬೇಡ. ಸತುವಿನ ಹೊಗೆಯಿಂದ ಜ್ವರ, ಸೀಸದಿಂದ ಅದಕ್ಕಿಂತ ಕೆಟ್ಟದ್ದು.

ಪ್ರತಿಯ ಒಳಮೈಯಲ್ಲಿ ‘ಪ್ರತಿ’ ಎಂದು ವರ್ಷದೊಂದಿಗೆ ಕೆತ್ತಿ. ಮೂಲದ ಚೂರುಗಳನ್ನು ಎಸೆಯದೆ ಹೆಸರು ಬರೆದ ಜಿಪ್ ಚೀಲದಲ್ಲಿ ಜೊತೆಗಿಡಿ.

ಕೊಳ್ಳುವಾಗ

ಗಲ್ಫಿನಿಂದ ಬಂದ ಪೆಟ್ಟಿಗೆಗಳಿಂದ ಹಿಡಿದು ಅಂತರ್ಜಾಲದ ಹರಾಜಿನ ತನಕ ಮಾಲು ಎಲ್ಲಿಂದಲೂ ಸಿಗುತ್ತದೆ. ಮಾರುವವರು ಕಳಿಸುವ ಚಿತ್ರಗಳು ಮಾತ್ರ ಯಾವಾಗಲೂ ಬಲಬದಿಯ ಮುಂಭಾಗದವೇ. ತಳ, ಮುಂದಿನ ಆಕ್ಸಲ್, ಹಬ್ಬುಗಳ ಒಳಮುಖ, ಸ್ಟಿಯರಿಂಗ್ ಕಂಬದ ಬುಡ ಇವುಗಳ ಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆದು ಕಳಿಸಲು ಕೇಳಿ. ನಾಲ್ಕು ಚಕ್ರಗಳೂ ಸಲೀಸಾಗಿ ತಿರುಗುತ್ತವೆಯೇ, ಸಮತಟ್ಟಾದ ಗಾಜಿನ ಮೇಲಿಟ್ಟರೆ ಒಂದು ಚಕ್ರ ಮೇಲೇಳುತ್ತದೆಯೇ ಎಂದೂ ಕೇಳಿ. ಹೊಸದಾಗಿ ದಪ್ಪ ಬಣ್ಣ ಬಳಿದ ಯುದ್ಧಪೂರ್ವದ ಟ್ರ್ಯಾಕ್ಟರು ಅಗ್ಗಕ್ಕೆ ಸಿಕ್ಕರೆ ಬಣ್ಣದ ಕೆಳಗೇನಿದೆ ಎಂದು ಶಂಕಿಸಿ. ಪೆಸ್ಟ್ ಸ್ಪಷ್ಟವಾಗಿ ಕಂಡ ಎರಕಕ್ಕೆ ಟಯರು, ಆಕ್ಸಲ್, ತಳಹಾಳೆ, ಪೆಟ್ಟಿಗೆಗಳ ಬಿಡಿ ಬೆಲೆಯಷ್ಟೇ ಕೊಡಿ, ದೇಹಕ್ಕೆ ಒಂದು ರೂಪಾಯಿಯೂ ಬೇಡ. ಕೊಂಡದ್ದನ್ನು ಜೂನ್‌ನಿಂದ ಸೆಪ್ಟೆಂಬರಿನ ನಡುವೆ ತರಿಸುವುದಾದರೆ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಸಮೇತ ಮುಚ್ಚಿ, ಆ ಚೀಲವನ್ನು ಗುಳ್ಳೆ ಹಾಳೆಯಲ್ಲಿ ಸುತ್ತಿ ಕಳಿಸಲು ಹಣ ಕೊಡುವ ಮೊದಲೇ ಮಾತಾಡಿಕೊಳ್ಳಿ.